ಪುದೀನದ ಹಬೆ

ತೋಕ್ತಾರ್ ಸಿಗರೇಟು ಬಿಟ್ಟ ಸುದ್ದಿಯನ್ನು ಅವನ ಹೆಂಡತಿ ಬಾತಿಮಾ ಇಡೀ ಕಟ್ಟಡಕ್ಕೆ ಹೇಳಿದ್ದಳು. ಮೆಟ್ಟಿಲ ಮೇಲೆ ಎದುರಾದವರಿಗೆ, ಅಂಗಳದ ಬೆಂಚಿನಲ್ಲಿ ಕೂತವರಿಗೆ, ಹಾಲಿನ ಗಾಡಿಯ ಮುಂದೆ ಸಾಲು ನಿಂತವರಿಗೆ, ಕೇಳದೆ ಇದ್ದವರಿಗೂ.

"ನಲವತ್ತು ವರ್ಷ ಸೇದಿದ ಗಂಡಸು. ಡಾಕ್ಟರು ಒಂದು ಮಾತು ಹೇಳಿದ್ರು, ಬಿಟ್ಟ. ಅಷ್ಟೇ."

ಶಾಖ್ತಿನ್ಸ್ಕ್ ಊರಿನಲ್ಲಿ ಗಣಿ ಬಿಟ್ಟು ಮನೆಯಲ್ಲಿ ಕೂತ ಗಂಡಸರ ಎದೆ ಗೊರಗೊರ ಅನ್ನುವುದು ಹೊಸದೇನಲ್ಲ. ತೋಕ್ತಾರ್ ಇಪ್ಪತ್ತೆಂಟು ವರ್ಷ ನೆಲದಡಿ ಕಲ್ಲಿದ್ದಲು ಕಡಿದವನು. ಮೂರನೇ ಅಂತಸ್ತಿನ ಮನೆಗೆ ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದ. ಯಾರಾದರೂ ನೋಡಿದರೆ ಗೋಡೆಯ ಬಣ್ಣ ಪರೀಕ್ಷಿಸುವವನ ಹಾಗೆ ನಟಿಸುತ್ತಿದ್ದ. ವಸಂತದಲ್ಲಿ ಡಾಕ್ಟರು ಅವನ ಎಕ್ಸ್‌ರೇ ತೋರಿಸಿದ ದಿನದಿಂದ ಬಾತಿಮಾ ಅವನ ಎದೆಯನ್ನು ತನ್ನ ಅಡುಗೆಮನೆಯಷ್ಟೇ ಕಟ್ಟುನಿಟ್ಟಾಗಿ ವಹಿಸಿಕೊಂಡಳು. ಬೆಳಿಗ್ಗೆ ಕುರಿಬಾಲದ ಕೊಬ್ಬು ಕರಗಿಸಿ ಜೇನು ಬೆರೆಸಿ ಒಂದು ಚಮಚ. ಹತ್ತು ಗಂಟೆಗೆ ಬಿಳಿ ಮಾತ್ರೆ. ಸಂಜೆ ಬೆನ್ನಿಗೆ ಎಣ್ಣೆ. ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ನೀಲಿ ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಳು.

ತೋಕ್ತಾರ್ ಮಾತ್ರ ಮನೆಯಲ್ಲಿ ಕಚ್ಚುವ ನಾಯಿಯಂತಾಗಿದ್ದ.

"ಚಹಾ ತಣ್ಣಗಿದೆ."

"ಈಗಷ್ಟೇ ಹಾಕಿದ್ದು, ಮುದುಕಾ. ಹೊಗೆ ಏಳ್ತಾ ಇದೆ ನೋಡು."

"ಈ ಮನೇಲಿ ಹೊಗೆ ಏಳೋದು ಅದೊಂದರಿಂದಲೇ."

ಮಗ ಯೆರ್ದೆನ್, ಸೊಸೆ ಅಕ್ಬೋಪೆ ಮುಖ ಮುಖ ನೋಡಿಕೊಂಡು ಬಟ್ಟಲಿಗೆ ಬಾಯಿ ಹಚ್ಚುತ್ತಿದ್ದರು. ಮದುವೆಯಾಗಿ ಎರಡು ವರ್ಷವಾದರೂ ಅವರಿಬ್ಬರೂ ಹಿರಿಯರ ಜೊತೆಗೇ ಇದ್ದರು. ಯೆರ್ದೆನ್ ಕೃತಕ ಹಲ್ಲು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ. ಅಕ್ಬೋಪೆಗೆ ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸ.

ಸೆಪ್ಟೆಂಬರ್ ತಿಂಗಳಲ್ಲಿ ಒಂದು ಸಂಜೆ ಯೆರ್ದೆನ್ ಕೆಲಸ ಮುಗಿಸಿ ಗ್ಯಾರೇಜುಗಳ ಹಿಂದಿನ ಅಡ್ಡದಾರಿಯಲ್ಲಿ ಬರುತ್ತಿದ್ದ. ತಗಡಿನ ಗೋಡೆಗೆ ಒರಗಿ ಅಪ್ಪ ನಿಂತಿದ್ದ.

"ಕೋಕೆ, ಇಲ್ಲೇನು ಮಾಡ್ತಿದ್ದೀರಿ?" ಅಪ್ಪನನ್ನು ಅವನು ಹುಟ್ಟಿದಾಗಿನಿಂದ ಕೋಕೆ ಎಂದೇ ಕರೆಯುತ್ತಿದ್ದ.

"ಗಾಳಿ ತಗೋತಿದ್ದೀನಿ."

"ಕೈಯಲ್ಲೇನು?"

"ಕೈಯಲ್ಲಿ ಬೆರಳು."

"ನಿಮ್ಮ ಅಂಗಿಯ ತೋಳಿನೊಳಗಿಂದ ಹೊಗೆ ಬರ್ತಿದೆ."

ತೋಕ್ತಾರ್ ತೋಳು ಕೊಡವಿದ. ಸಿಗರೇಟು ನೆಲಕ್ಕೆ ಬಿತ್ತು. ಅವನು ಅದನ್ನು ಹೊಸಕಲಿಲ್ಲ, ಅದನ್ನೇ ನೋಡುತ್ತ ನಿಂತ. ಆಮೇಲೆ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲು ಎಷ್ಟು ಹೊತ್ತಾಯಿತೆಂದರೆ, ಬೈಯಬೇಕೆಂದುಕೊಂಡಿದ್ದ ಯೆರ್ದೆನ್ ಅಪ್ಪನ ಬೆನ್ನು ಸವರುತ್ತ ನಿಲ್ಲಬೇಕಾಯಿತು.

"ದಿನಕ್ಕೆಷ್ಟು?"

"ಏಳೆಂಟು. ನಿಮ್ಮಮ್ಮನಿಗೆ ಹೇಳಬೇಡ. ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ, ಪಾಪ."

"ಅದಕ್ಕೇ ಬಿಡಬೇಕಿತ್ತು."

"ನೀನು ಬಿಟ್ಟು ನೋಡು. ತಲೆಯೊಳಗೆ ಯಾರೋ ಗುದ್ದಲಿ ಹಾಕಿದ ಹಾಗಿರುತ್ತೆ." ತೋಕ್ತಾರ್ ಉಸಿರು ಸುಧಾರಿಸಿಕೊಂಡ. "ನೀನು ಓದೋವಾಗ ಒಂದು ಸೇದ್ತಿದ್ದೆಯಲ್ಲ, ಪೆನ್ನಿನ ಥರದ್ದು. ಹೊಗೆ ಇಲ್ಲ, ಬೂದಿ ಇಲ್ಲ. ಅದು ಇದಕ್ಕಿಂತ ವಾಸಿ ಅಂತ ನೀನೇ ಹೇಳಿದ್ದೆ."

"ಅದನ್ನೀಗ ಎಲ್ಲೂ ಮಾರಲ್ಲ, ಕೋಕೆ. ಕಾನೂನು ಬಂದು ವರ್ಷ ದಾಟಿತು."

"ಮಾರಲ್ಲ. ಮಾಡಬಹುದಲ್ಲ? ಊರವರಿಗೆಲ್ಲ ಹಲ್ಲು ಮಾಡ್ತೀಯಾ. ಮನೇಲಿ ಆ ಯಂತ್ರ ಇಟ್ಕೊಂಡು ನೆರೆಯವರ ಒಲೆಗೆ ತಿರುಗಿಸೋ ಗುಂಡಿ ಮಾಡಿಕೊಡ್ತೀಯಾ. ಅಪ್ಪನಿಗೆ ಒಂದು ಇಷ್ಟುದ್ದದ ಪೆಟ್ಟಿಗೆ ಮಾಡಕ್ಕಾಗಲ್ವಾ?"

"ಅಪಾಗೆ ಏನು ಹೇಳೋದು?" ಅಮ್ಮ ಅವನಿಗೆ ಅಪಾ; ಹಿರಿಯ ಹೆಂಗಸರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುವುದು.

"ಏನೂ ಹೇಳೋದು ಬೇಡ."

ಯೆರ್ದೆನ್ ಒಂದು ಷರತ್ತು ಹಾಕಿದ: ಅದು ಕೈಗೆ ಬಂದ ದಿನದಿಂದ ಸಿಗರೇಟು ಮುಟ್ಟುವಂತಿಲ್ಲ. ಅದಕ್ಕೆ ತುಂಬುವ ದ್ರವದಲ್ಲಿ ನಿಕೋಟಿನನ್ನು ಪ್ರತಿ ತಿಂಗಳೂ ತಾನು ಇಳಿಸುತ್ತಾ ಹೋಗುವುದು, ಬೇಸಿಗೆಯ ಹೊತ್ತಿಗೆ ಏನೂ ಇಲ್ಲದಂತಾಗುವುದು. ತೋಕ್ತಾರ್ ಅಲ್ಲಾಹನ ಮೇಲೆ ಆಣೆ ಇಟ್ಟ.

ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ ಯೆರ್ದೆನ್‌ನ ತ್ರೀಡಿ ಪ್ರಿಂಟರ್ ಇತ್ತು. ಪ್ಲಾಸ್ಟಿಕ್ ದಾರವನ್ನು ಕರಗಿಸಿ ಪದರದ ಮೇಲೆ ಪದರ ಹಾಕುತ್ತ, ಮುದುಕಿ ಕಾಲುಚೀಲ ಹೆಣೆದ ಹಾಗೆ ನಿಧಾನಕ್ಕೆ ವಸ್ತುಗಳನ್ನು ಕಟ್ಟುವ ಯಂತ್ರ. ಮೊದಲು ಮಾಡಿದ ಕವಚ ಒಳಗೆ ಕಾಯುವ ತಂತಿಸುರುಳಿಯ ಬಿಸಿಗೆ ಮೆತ್ತಗಾಗಿ ಬಾಯಿ ಸೊಟ್ಟ ಮಾಡಿಕೊಂಡಿತು. ಎರಡನೆಯದು ಜೋಡಿಸಿದ ಗೆರೆಯಲ್ಲಿ ಸೋರಿ, ತೋಕ್ತಾರ್‌ನ ಅಂಗಿಜೇಬು ಒದ್ದೆಯಾಯಿತು. ಮೂರನೆಯದಕ್ಕೆ ಒಳಗಿನ ಬಟ್ಟಲನ್ನು ಹಲ್ಲಿನ ಅಚ್ಚಿಗೆ ಬಳಸುವ ಬಿಸಿ ತಡೆಯುವ ವಸ್ತುವಿನಲ್ಲಿ ಮಾಡಿದ. ಅದೂ ಸರಿ ಹೋಗಲಿಲ್ಲ. ತೋಕ್ತಾರ್‌ನ ಬಲಗೈಯ ಎರಡು ಬೆರಳು ಗಣಿಯಲ್ಲಿ ಅರ್ಧ ಹೋಗಿದ್ದವು. ಗುಂಡಿ ಒತ್ತಲು ಸಿಗುತ್ತಿರಲಿಲ್ಲ. ಯೆರ್ದೆನ್ ಅಪ್ಪನ ಕೈಯನ್ನು ಮೇಜಿನ ಮೇಲಿರಿಸಿ, ಹಲ್ಲಿನ ಅಳತೆ ತೆಗೆಯುವ ಕಡ್ಡಿಯಿಂದ ಹೆಬ್ಬೆರಳು ಎಲ್ಲಿ ಬೀಳುತ್ತದೆಂದು ಅಳೆದ. ನಾಲ್ಕನೆಯದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬೆಳ್ಳಗೆ, ಮೂಲೆಗಳೆಲ್ಲ ದುಂಡಗೆ. ಅಪ್ಪನ ಅಂಗೈಯಲ್ಲಿ ಅದು ಕೋಳಿಮೊಟ್ಟೆಯಂತೆ ಕೂತಿತು.

ತೋಕ್ತಾರ್ ಎಳೆದ. ಕಣ್ಣು ಮುಚ್ಚಿದ. ಬಿಳಿ ಹಬೆ ಗಾಜಿಗೆ ತಾಗಿ ಹರಡಿತು.

ಅದೇ ಹೊತ್ತಿಗೆ ಬಾತಿಮಾ ಚಹಾ ಹಿಡಿದು ಬಾಲ್ಕನಿಯ ಬಾಗಿಲು ತೆರೆದಳು.

"ಏನದು?"

ಯೆರ್ದೆನ್ ಪ್ರಿಂಟರಿನ ಕಡೆ ತಿರುಗಿದ. ಅಪ್ಪನೇ ಹೇಳಿದ.

"ಔಷಧಿ. ಪುದೀನದ ಹಬೆ. ಎದೆಗೆ ಒಳ್ಳೇದಂತೆ. ನಿನ್ನ ಮಗ ಮಾಡಿದಾನೆ ನೋಡು."

ಬಾತಿಮಾ ಚಹಾದ ತಟ್ಟೆಯನ್ನು ಭರಣಿಯ ಮೇಲಿಟ್ಟಳು. ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. "ಇಷ್ಟು ದಿನ ಇಲ್ಲಿ ಕೂತು ಇದನ್ನಾ ಮಾಡ್ತಿದ್ದೆ? ನಾನು ಬೈದೆನಲ್ಲೋ, ಊಟಕ್ಕೆ ಬರಲ್ಲ ಅಂತ."

ಆ ಕ್ಷಣದಲ್ಲಿ ಯೆರ್ದೆನ್ ನಿಜ ಹೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು.

ಮರುದಿನ ಬಾತಿಮಾಳಿಗೆ ಪ್ರಶ್ನೆಗಳು ಬಂದವು. ದಿನಕ್ಕೆ ಎಷ್ಟು ಸಲ? ಊಟದ ಮುಂಚೆಯೋ ಆಮೇಲೋ? ಎಲ್ಲಿ ಬರೆದಿದೆ? ತೋಕ್ತಾರ್ ಸೊಸೆಯನ್ನು ಕರೆದ.

"ಮಗಳೇ, ಆ ದ್ರವದ ಬಾಟಲಿಗೆ ಒಂದು ಚೀಟಿ ಅಂಟಿಸು. ನಿಮ್ಮ ಅಂಗಡೀಲಿ ಅಂಟಿಸ್ತೀರಲ್ಲ, ಹಾಗೆ."

"ನಾನು ಬರೆಯಲ್ಲ, ಆತಾ," ಅಂದಳು ಅಕ್ಬೋಪೆ. ಹಿರಿಯ ಗಂಡಸರನ್ನು ಅಲ್ಲಿ ಆತಾ ಅನ್ನುವುದು. ಗಂಡ ಅವಳಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದ. "ಅದು ಔಷಧಿ ಅಲ್ಲ."

"ಸಿಗರೇಟಿನ ಬದಲಿಗೆ ಅಂದ ಮೇಲೆ ಔಷಧಿನೇ. ಚೀಟಿ ಇಲ್ಲದಿದ್ರೆ ಅವಳು ಎತ್ಕೊಂಡು ಆಸ್ಪತ್ರೆಗೆ ಹೋಗ್ತಾಳೆ, ಕೇಳ್ಕೊಂಡು ಬರ್ತೀನಿ ಅಂತ. ಆಮೇಲೆ ನಾನು ಮತ್ತೆ ಗ್ಯಾರೇಜಿನ ಹಿಂದೆ. ನೀನೇ ನೋಡು."

ಅಕ್ಬೋಪೆ ಗಂಡನ ಕಡೆ ನೋಡಿದಳು. ಅವನು ಪ್ರಿಂಟರಿನ ಮೂತಿ ಒರೆಸುತ್ತಿದ್ದ. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: ದಿನಕ್ಕೆ ಮೂರು ಸಲ, ಊಟದ ನಂತರ, ಆರು ಉಸಿರು.

ಅಲ್ಲಿಂದ ಮುಂದೆ ಬಾತಿಮಾ ಆ ಬಿಳಿ ಪೆಟ್ಟಿಗೆಯನ್ನು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಚಾರ್ಜಿಗೆ ಹಾಕುತ್ತಿದ್ದಳು. ಬಾಯಿಯಿಡುವ ಜಾಗವನ್ನು ಬಿಸಿನೀರಿನಲ್ಲಿ ತೊಳೆದು ಒಗೆದ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬಾಟಲಿಯಿಂದ ಹನಿ ಹನಿಯಾಗಿ ತುಂಬುತ್ತಿದ್ದಳು. ಊಟವಾದ ಮೇಲೆ ಎದುರಿಗೆ ಕೂತು ಎಣಿಸುತ್ತಿದ್ದಳು.

"ನಾಲ್ಕು. ಐದು. ಏ, ಎಲ್ಲಿಗೆ ಎದ್ದೆ? ಇನ್ನೊಂದಿದೆ."

"ಸಾಕು ಬಿಡೇ."

"ಆರು ಅಂತ ಬರೆದಿದೆ. ಕೂತ್ಕೋ."

ತೋಕ್ತಾರ್ ಆರನೆಯದನ್ನೂ ಎಳೆಯುತ್ತಿದ್ದ. ಅವನು ಬದಲಾದದ್ದು ನಿಜ. ನೂಡಲ್ಸಿನ ಸಾರನ್ನು ಎರಡು ಸಲ ಹಾಕಿಸಿಕೊಂಡ. ರೇಡಿಯೋ ಹಾಡಿಗೆ ಕಾಲು ಕುಣಿಸಿದ. ಒಂದು ದಿನ ಹೆಂಡತಿಯ ತಲೆವಸ್ತ್ರದ ಬಣ್ಣ ಚೆನ್ನಾಗಿದೆ ಅಂದ. ಬಾತಿಮಾ ಆ ದಿನವೆಲ್ಲ ಆ ತಲೆವಸ್ತ್ರ ಬಿಚ್ಚಲಿಲ್ಲ.

ಅಕ್ಟೋಬರಿನಲ್ಲಿ ಅವಳು ಈ ಸಂಗತಿಯನ್ನು ಮೊದಲನೇ ಅಂತಸ್ತಿನ ರೈಖಾನ್‌ಗೆ ಹೇಳಿದಳು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಈ ಕಟ್ಟಡಕ್ಕೆ ಬಂದವರು. ಮೂವತ್ತೈದು ವರ್ಷದ ಒಡನಾಟ. ರೈಖಾನ್‌ಳ ಗಂಡ ಸೈಲಾವ್ ತೋಕ್ತಾರ್‌ನ ಜೊತೆ ಒಂದೇ ತಂಡದಲ್ಲಿ ಗಣಿಗೆ ಇಳಿದವನು. ತೋಕ್ತಾರ್‌ನ ಬೆರಳು ಹೋದ ದಿನ ಅವನನ್ನು ಹೊತ್ತು ತಂದವನೂ ಅವನೇ. ಅವನ ಎದೆಯೂ ಅದೇ ಗೊರಗೊರ. ಆದರೆ ಅವನು ತಂಬಾಕು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಬಿಡಿಸಲು ರೈಖಾನ್ ಪಟ್ಟ ಪಾಡು ಕಟ್ಟಡಕ್ಕೆಲ್ಲ ಗೊತ್ತಿತ್ತು.

"ನಮ್ಮ ಮುದುಕನಿಗೂ ಒಂದು ಮಾಡಿಸಿಕೊಡೇ," ಅಂದಳು ರೈಖಾನ್. "ನೀನು ಹೇಳಿದ ಮೇಲೆ ಸರಿಯಾಗೇ ಇರುತ್ತೆ."

ಯೆರ್ದೆನ್ ದಾರ ಮುಗಿದಿದೆ ಅಂದ. ಆಮೇಲೆ ಬ್ಯಾಟರಿ ಸಿಗುತ್ತಿಲ್ಲ ಅಂದ. ಮೂರನೇ ವಾರ ಬಾತಿಮಾ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದಳು.

"ನಾಲ್ಕನೇ ಮಹಡಿಯವಳ ಬಟ್ಟೆ ಒಗೆಯೋ ಯಂತ್ರಕ್ಕೆ ಹಿಡಿ ಮಾಡಿಕೊಟ್ಟೆ. ಸೈಲಾವ್‌ಗೆ ಮಾಡಕ್ಕೆ ನಿನಗೆ ದಾರ ಇಲ್ಲ?"

"ಅಪಾ, ಅದು ಎಲ್ಲರಿಗೂ ಆಗಲ್ಲ."

"ನಿಮ್ಮಪ್ಪನಿಗೆ ಆಗುತ್ತೆ. ನಿಮ್ಮಪ್ಪನನ್ನ ಹೆಗಲ ಮೇಲೆ ಹೊತ್ತು ತಂದವನಿಗೆ ಆಗಲ್ಲ. ಯಾವಾಗ ಇಷ್ಟು ಜಿಪುಣ ಆದೆ ನೀನು? ರೈಖಾನ್ ಮುಖ ನೋಡಕ್ಕೆ ನನಗೆ ನಾಚಿಕೆ ಆಗ್ತಿದೆ."

"ಅಪಾ, ಬೇಡ ಅಂದ್ರೆ ಬೇಡ."

"ಬೇಡ ಅನ್ನೋಕೆ ಕಾರಣ ಹೇಳು."

ಅಕ್ಬೋಪೆ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿ ಮೇಜುಬಟ್ಟೆಯ ಮೇಲೆ ಹರಿಯಿತು.

"ಮಾಡಿಕೊಡೋ," ಅಂದ ತೋಕ್ತಾರ್. "ಏನು ಮಹಾ."

ಬಾತಿಮಾ ಪಾತ್ರೆ ತೊಳೆಯಲು ಹೋದಾಗ ಯೆರ್ದೆನ್ ಅಪ್ಪನನ್ನು ಬಾಲ್ಕನಿಗೆ ಕರೆದ. "ಸೈಲಾವ್ ಮಾವನದ್ದರಲ್ಲಿ ನಿಕೋಟಿನ್ ಹಾಕಲ್ಲ. ಒಂದು ಹನಿಯೂ ಇಲ್ಲ, ಬರೀ ವಾಸನೆ. ನಿಮ್ಮ ಬಾಟಲಿ ಅವರ ಕೈಗೆ ಹೋಗಬಾರದು. ಮಾತು ಕೊಡಿ."

"ಕೊಟ್ಟೆ ಕೊಟ್ಟೆ. ನಾನೇನು ಚಿಕ್ಕ ಹುಡುಗನಾ?"

ಹದಿನೈದು ದಿನದಲ್ಲಿ ಸೈಲಾವ್‌ಗೂ ಒಂದು ಬಿಳಿ ಪೆಟ್ಟಿಗೆ ಬಂತು. ರೈಖಾನ್ ಕೃತಜ್ಞತೆಗೆ ಒಂದು ಪಾತ್ರೆ ತುಂಬ ಕುಂಬಳಕಾಯಿ ತುಂಬಿದ ಕಡುಬು ಕಳಿಸಿದಳು. ದಿನವೂ ಮಧ್ಯಾಹ್ನ ಸೈಲಾವ್ ಮೆಟ್ಟಿಲು ಹತ್ತಿ ಬರುತ್ತಿದ್ದ. ಇಬ್ಬರು ಗಂಡಸರೂ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಚಿಕಿತ್ಸೆಗೆ ಕೂರುತ್ತಿದ್ದರು. ಬಾತಿಮಾ ಗಾಳಿ ತಾಗದಿರಲೆಂದು ಬಾಗಿಲು ಮುಚ್ಚಿ, ಸಂದಿಗೆ ಹಳೇ ಬಟ್ಟೆ ತುರುಕುತ್ತಿದ್ದಳು. ಒಳಗಿನಿಂದ ನಗು ಕೇಳಿಸುತ್ತಿತ್ತು.

"ಕೇಳ್ತಾ? ಮೊದಲು ನಗಕ್ಕೂ ಉಸಿರು ಇರಲಿಲ್ಲ," ಅಂದಳು ಅವಳು ರೈಖಾನ್‌ಗೆ.

"ಬರೀ ಹಬೆಗೆ ಇಷ್ಟು ಖುಷಿಯಾ?" ರೈಖಾನ್ ತಮಾಷೆ ಮಾಡಿದಳು. ಇಬ್ಬರೂ ನಕ್ಕರು.

ಡಿಸೆಂಬರಿನ ಮೊದಲ ವಾರ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ತೋಕ್ತಾರ್ ಹೊರಡಲು ತಕರಾರು ಮಾಡಿದ. ಮೊಣಕಾಲು ನೋವು ಅಂದ, ಬಸ್ಸು ತುಂಬಿರುತ್ತೆ ಅಂದ. ಬಾತಿಮಾ ಅವನ ಕೋಟಿನ ಗುಂಡಿ ಹಾಕಿ ಮುಂದೆ ನೂಕಿಕೊಂಡು ಹೋದಳು. ಚೀಲದಲ್ಲಿ ಕಾಗದಗಳ ಜೊತೆ, ಕಸೂತಿ ಕರವಸ್ತ್ರದಲ್ಲಿ ಸುತ್ತಿದ ಬಿಳಿ ಪೆಟ್ಟಿಗೆಯೂ ಬಾಟಲಿಯೂ ಇದ್ದವು. ಅದನ್ನು ತಂದದ್ದು ಅವನಿಗೆ ಗೊತ್ತಿರಲಿಲ್ಲ.

ಎದೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪಕ್ಕದಲ್ಲಿ ದಪ್ಪನೆಯ ನರ್ಸ್ ಬರೆದುಕೊಳ್ಳುತ್ತಿದ್ದಳು.

"ಉಸಿರಾಟ ಏನೂ ಸುಧಾರಿಸಿಲ್ಲವಲ್ಲ," ಅಂದಳು ಡಾಕ್ಟರು. "ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ದಾರಾ?"

"ತಗೋತಾರೆ." ಬಾತಿಮಾ ಕಾಯುತ್ತಿದ್ದದ್ದೇ ಇದಕ್ಕೆ. ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟಳು. "ನನ್ನ ಮಗ ತನ್ನ ಕೈಯಾರೆ ಮಾಡಿದ್ದು. ನಿಮ್ಮಲ್ಲಿ ಬರೋ ಬೇರೆಯವರಿಗೂ ಬೇಕಾದ್ರೆ ಹೇಳಿ."

ಡಾಕ್ಟರು ಅದನ್ನು ತಿರುಗಿಸಿ ನೋಡಿದಳು. ಮುಚ್ಚಳ ತೆಗೆದು ಮೂಸಿದಳು. ಬಾಟಲಿಯ ಚೀಟಿ ಓದಿದಳು.

"ಇದನ್ನ ಬರೆದಿದ್ದು ಯಾರು?"

"ನಮ್ಮ ಸೊಸೆ. ಔಷಧಿ ಅಂಗಡೀಲಿ ಕೆಲಸ ಅವಳಿಗೆ. ಆರು ಉಸಿರು, ಒಂದು ತಪ್ಪಲ್ಲ. ನಾನೇ ಎಣಿಸ್ತೀನಿ. ತುಂಬೋದೂ ನಾನೇ."

ಡಾಕ್ಟರು ತೋಕ್ತಾರ್ ಕಡೆ ತಿರುಗಿದಳು. "ಆತಾ, ನೀವು ಹೇಳ್ತೀರೋ, ನಾನು ಹೇಳಲೋ?"

ತೋಕ್ತಾರ್ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಹಾಕಿದ.

"ಅಪಾ, ಇದು ವೇಪ್. ಬೀದೀಲಿ ಹುಡುಗರು ಸೇದ್ತಿದ್ರಲ್ಲ, ಅದೇ. ಇದರೊಳಗೆ ಇರೋದು ನಿಕೋಟಿನ್."

"ಇಲ್ಲಮ್ಮ. ಪುದೀನ."

"ಪುದೀನದ ವಾಸನೆ ಹಾಕಿದ್ದಾರೆ, ಅಪಾ."

ನರ್ಸ್‌ಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವರೇ, ಎದುರಿಗೆ ಕೂತು ಎಣಿಸಿ ಸೇದಿಸಿದ್ದೀರಾ?"

ಡಾಕ್ಟರು ಅವಳನ್ನು ದುರುಗುಟ್ಟಿ ನೋಡಿದಳು. ಆದರೆ ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಸಾಲಿನಲ್ಲಿ ಕೂತಿದ್ದವರಲ್ಲಿ ಇಬ್ಬರು ಅವರದೇ ಬೀದಿಯವರು. ಬಾತಿಮಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು, ಎಂಟು ಮಡಿಕೆ ಮಾಡಿದಳು, ಇನ್ನು ಮಡಿಸಲು ಬರದಾಗ ಎದ್ದಳು. ಪೆಟ್ಟಿಗೆ, ಬಾಟಲಿ ಎರಡನ್ನೂ ಮೇಜಿನ ಮೇಲೇ ಬಿಟ್ಟಳು.

ಬಸ್ಸಿನಲ್ಲಿ ಅವಳು ಪಕ್ಕದ ಖಾಲಿ ಸೀಟಿನ ಮೇಲೆ ಚೀಲ ಇಟ್ಟುಕೊಂಡಳು. ತೋಕ್ತಾರ್ ಕಂಬ ಹಿಡಿದು ನಿಂತು ಬಂದ.

ಮನೆಗೆ ಬಂದು ಅವಳು ಹಿಟ್ಟು ಕಲಸಿದಳು, ಲಟ್ಟಿಸಿದಳು, ಕತ್ತರಿಸಿದಳು, ಮಾಂಸ ಬೇಯಿಸಿದಳು. ಮಗ ಸೊಸೆ ಬಂದರು. ಎಲ್ಲರಿಗೂ ಬಡಿಸಿದಳು. ತನಗೆ ಹಾಕಿಕೊಳ್ಳಲಿಲ್ಲ.

"ಅಪಾ, ನೀನು?" ಕೇಳಿದ ಯೆರ್ದೆನ್.

"ಮೊದಲು ಒಂದು ಮಾತು ಹೇಳು. ಆ ಬಿಳೀ ಡಬ್ಬೀಲಿ ಇರೋದು ಏನು?"

ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ.

"ಅಪಾ," ಅಂದ ಯೆರ್ದೆನ್ ಕೊನೆಗೆ, "ಕೋಕೆ ಗ್ಯಾರೇಜಿನ ಹಿಂದೆ ಸಿಗರೇಟು ಸೇದ್ತಿದ್ರು. ದಿನಕ್ಕೆ ಎಂಟು. ಕೆಮ್ಮಿ ಕೆಮ್ಮಿ ನೆಲಕ್ಕೆ ಬೀಳೋ ಹಾಗಿದ್ರು. ಇದು ಅದಕ್ಕಿಂತ ಕಡಿಮೆ ಕೆಟ್ಟದ್ದು. ತಿಂಗಳು ತಿಂಗಳೂ ಇಳಿಸ್ತಾ ಬರ್ತಿದ್ದೀನಿ. ನಿನಗೆ ನೋವಾಗಬಾರದು ಅಂತ..."

"ನಿಮ್ಮಪ್ಪ ಕದ್ದು ಸೇದಿದ್ರೆ ನಾನು ಬೈತಿದ್ದೆ. ಅಳ್ತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಅದು ನನ್ನದೂ ಅವನದೂ ಜಗಳ. ಮೂವತ್ತೈದು ವರ್ಷದಿಂದ ಮಾಡ್ಕೊಂಡು ಬಂದಿದ್ದೀವಿ. ನೀನು ನನ್ನ ಕೈಯಿಂದ ತುಂಬಿಸಿದೆ. ನನ್ನ ಕೈಯಿಂದ ತೊಳೆಸಿದೆ. ಅವನು ಸಾಕು ಅಂದ್ರೂ ನಾನು ಬಲವಂತ ಮಾಡಿ ಎಳೆಸ್ತಿದ್ದೆ. ನೀನು ಇದೇ ಮೇಜಿನ ಮುಂದೆ ಕೂತು ನೋಡ್ತಿದ್ದೆ."

ಅಕ್ಬೋಪೆ ಅಳತೊಡಗಿದಳು. "ಅಪಾ, ನಾನು ಬೇಡ ಅಂದೆ..."

"ಬೇಡ ಅಂದು ಬರೆದೆ," ಅಂದಳು ಬಾತಿಮಾ. ದನಿ ಏರಲಿಲ್ಲ. "ನಿನ್ನ ಅಕ್ಷರ ಎಷ್ಟು ಚೆಂದ ಅಂತ ಡಾಕ್ಟರಿಗೆ ತೋರಿಸಿದೆ."

"ಅವಳನ್ನ ಯಾಕೆ ಅನ್ತೀಯ?" ತೋಕ್ತಾರ್ ಗದರಿದ. "ಹೇಳಿದ್ದು ನಾನು. ಏನೀಗ? ಒಂದು ಪುಟ್ಟ ಡಬ್ಬಿಗೆ ಇಷ್ಟು ರಂಪ."

"ಸೈಲಾವ್‌ದೂ ಇದೇನಾ?"

"ಇಲ್ಲ ಅಪಾ," ಯೆರ್ದೆನ್ ತಕ್ಷಣ ಹೇಳಿದ. "ಅವರದ್ದರಲ್ಲಿ ಏನೂ ಇಲ್ಲ. ಬರೀ ವಾಸನೆ. ಕುರಾನ್ ಮುಟ್ಟಿ ಹೇಳ್ತೀನಿ."

ಬಾತಿಮಾ ಗಂಡನನ್ನೇ ನೋಡುತ್ತಿದ್ದಳು. ತೋಕ್ತಾರ್ ಮಾಂಸದ ತುಂಡೊಂದನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿಸಿದ.

"ಕೋಕೆ?" ಅಂದ ಯೆರ್ದೆನ್.

"ಬರೀ ನೀರಿನ ಹಬೆ ಎಳೆದು ಎಷ್ಟು ದಿನ ಕೂತಿರ್ತಾನೆ ಅವನು? ಒಂದು ಸಲ ನನ್ನದು ರುಚಿ ನೋಡಿದ. ಆಮೇಲೆ ಅವನೇ ಕೇಳಿದ."

"ನೀವು ಮಾತು ಕೊಟ್ಟಿದ್ರಿ."

"ಒಬ್ಬನೇ ಕೂತು ಬೇಜಾರಾಗಿತ್ತು ಕಣೋ."

"ಅದಕ್ಕೇ ಬಾಟಲಿ ಬೇಗ ಖಾಲಿ ಆಗ್ತಿತ್ತು. ಸೋರುತ್ತೆ ಅಂದ್ರಿ ನನಗೆ. ನಾನು ಎರಡು ಸಲ ಬಿಚ್ಚಿ ಜೋಡಿಸಿದೆ." ಯೆರ್ದೆನ್ ತಟ್ಟೆಯನ್ನು ದೂರ ತಳ್ಳಿದ. "ನಾನು ನಿಮಗೋಸ್ಕರ ಅಪಾಗೆ ಸುಳ್ಳು ಹೇಳಿದೆ. ನೀವು ನನಗೂ ಹೇಳಿದ್ರಿ."

ತೋಕ್ತಾರ್ ಎದ್ದು ತನ್ನ ಕೋಣೆಗೆ ಹೋದ. ಯಾರೂ ಊಟ ಮಾಡಲಿಲ್ಲ. ಬಾತಿಮಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮಾಂಸವನ್ನು ವಾಪಸು ಪಾತ್ರೆಗೆ ಸುರಿದಳು.

ಮರುದಿನ ಬೆಳಿಗ್ಗೆ ಅವಳು ಗಂಡನ ಕೋಟು ತಂದು ಅವನ ಮುಂದೆ ಹಾಕಿದಳು. "ನಡಿ ಕೆಳಗೆ. ನೀನೇ ಹೇಳು."

"ನೀನು ಹೋಗು. ಹೆಂಗಸರ ಹತ್ತಿರ ಹೆಂಗಸರು ಮಾತಾಡೋದು ವಾಸಿ."

"ನಾನು ನಿನ್ನ ಪರವಾಗಿ ಆಸ್ಪತ್ರೇಲಿ ಮಾತಾಡಿ ಬಂದೆ. ಸಾಕು."

ತೋಕ್ತಾರ್ ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಅವಳೊಬ್ಬಳೇ ಇಳಿದಳು.

ರೈಖಾನ್ ಬಾಗಿಲು ತೆಗೆದು, "ಬಾ ಬಾ, ಚಹಾ ಕುದೀತಿದೆ," ಅಂದಳು. ಬಾತಿಮಾ ಹೊಸ್ತಿಲಲ್ಲೇ ನಿಂತು ಹೇಳಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಒಳಗೆ ಸೋಫಾದಲ್ಲಿ ಕೂತಿದ್ದ ಸೈಲಾವ್ ಟಿವಿಯ ದನಿ ಏರಿಸಿದ. ರೈಖಾನ್ ಹೋಗಿ ಟಿವಿ ಆರಿಸಿ ಬಂದಳು.

"ನಿನಗೆ ಗೊತ್ತಿರಲಿಲ್ಲ?"

"ಗೊತ್ತಿರಲಿಲ್ಲ."

"ಒಂದೇ ಮನೇಲಿ ಇರ್ತೀಯಾ. ಅವರ ಬಟ್ಟೆ ಒಗೀತೀಯಾ. ಮಗ ಮಾಡಿದ, ಸೊಸೆ ಬರೆದಳು, ಗಂಡ ಸೇದಿದ. ನಿನಗೊಬ್ಬಳಿಗೇ ಗೊತ್ತಿರಲಿಲ್ಲ."

"ಹೌದು ರೈಖಾನ್."

"ಹನ್ನೊಂದು ವರ್ಷ," ಅಂದಳು ರೈಖಾನ್. "ಅದನ್ನ ಬಿಡಿಸಕ್ಕೆ ನಾನು ಎರಡು ತಿಂಗಳು ಅವನ ಜೊತೆ ಹೊರಗೆ ಹೋಗಿ ಬರ್ತಿದ್ದೆ, ಒಬ್ಬನೇ ಅಂಗಡಿಗೆ ಹೋಗಬಾರದು ಅಂತ. ಅವನು ನನಗೆ ಬಟ್ಟಲು ಎಸೆದಿದ್ದ. ಅದು ನಿನಗೆ ಗೊತ್ತು. ನೀನೇ ಬಂದು ಹಣೆಗೆ ಐಸ್ ಇಟ್ಟಿದ್ದೆ."

"ಗೊತ್ತು."

"ಬೇರೆ ಯಾರಾದ್ರೂ ತಂದು ಕೊಟ್ಟಿದ್ರೆ ನಾನು ನೂರು ಪ್ರಶ್ನೆ ಕೇಳ್ತಿದ್ದೆ. ನೀನು ಅಂತ ಒಂದೂ ಕೇಳಲಿಲ್ಲ." ಅವಳು ಬಾಗಿಲಿನ ಚಿಲಕ ಹಿಡಿದುಕೊಂಡಳು. "ಹೋಗು ಬಾತಿಮಾ. ಈಗ ನನ್ನ ಬಾಯಿಂದ ಏನಾದ್ರೂ ಬರುತ್ತೆ."

ರೈಖಾನ್ ಗಂಡನ ಬಿಳಿ ಪೆಟ್ಟಿಗೆಯನ್ನು ಅದೇ ದಿನ ಸುತ್ತಿಗೆಯಲ್ಲಿ ಒಡೆದಳು. ಸೈಲಾವ್ ನಾಲ್ಕು ದಿನ ಸುಮ್ಮನಿದ್ದು, ಐದನೇ ದಿನ ಬಸ್‌ ನಿಲ್ದಾಣದ ಗೂಡಂಗಡಿಯಿಂದ ಒಂದು ಪ್ಯಾಕ್ ಸಿಗರೇಟು ತಂದ. ಯಾರಿಗೂ ಮುಚ್ಚಿಡಲಿಲ್ಲ, ಕಟ್ಟಡದ ಮುಂದೆ ಬೆಂಚಿನ ಮೇಲೆ, ಮಂಜಿನಲ್ಲಿ ಕೂತು ಸೇದಿದ. ಹಾಲಿನ ಗಾಡಿಯ ಮುಂದೆ ಬಾತಿಮಾಳನ್ನು ಕಂಡರೆ ರೈಖಾನ್ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಬೀದಿಯ ಹೆಂಗಸರು ಬಾತಿಮಾಳ ಮುಂದೆ ಮಾತು ನಿಲ್ಲಿಸುತ್ತಿದ್ದರು. ಒಬ್ಬಳಂತೂ, "ಆರಾ, ಏಳಾ?" ಅಂತ ಪಕ್ಕದವಳನ್ನು ಕೇಳಿ ಕಿಸಕ್ಕೆಂದಳು.

ಯೆರ್ದೆನ್ ಪ್ರಿಂಟರಿಗೆ ಬಟ್ಟೆ ಮುಚ್ಚಿದ. ಅಪ್ಪನ ಜೊತೆ ಅವನ ಮಾತು ಉಪ್ಪು ಕೊಡಿ, ನೀರು ಕೊಡಿ ಅನ್ನುವಷ್ಟಕ್ಕೆ ಇಳಿಯಿತು. ತೋಕ್ತಾರ್ ಈಗ ಸೇದುತ್ತಿರಲಿಲ್ಲ. ಸೇದುತ್ತಿಲ್ಲ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ. ಅದಕ್ಕೆ ಬಾತಿಮಾ "ಹ್ಞೂಂ" ಅನ್ನುತ್ತಿದ್ದಳು. ಅವನ ಕೋಟನ್ನು ಮೂಸಿ ನೋಡುತ್ತಿರಲಿಲ್ಲ. ಒಂದು ಸಂಜೆ ಅವನು ಯಾರೂ ಹೇಳದೆ ಚಹಾ ಬಟ್ಟಲುಗಳನ್ನು ತೊಳೆಯಲು ನಿಂತ.

"ಇಡು. ಒಡೆದುಬಿಡ್ತೀಯಾ," ಅಂದಳು ಬಾತಿಮಾ.

"ಎಷ್ಟು ದಿನ ಹೀಗೆ, ಬಾತಿಮಾ?" ಅವನು ಅವಳನ್ನು ಹೆಸರು ಹಿಡಿದು ಕರೆಯುವುದು ಅಪರೂಪ.

"ಹೇಗೆ? ಊಟ ಹಾಕ್ತಿಲ್ವಾ? ಬೆನ್ನಿಗೆ ಎಣ್ಣೆ ತಿಕ್ತಿಲ್ವಾ?"

ತಿಕ್ಕುತ್ತಿದ್ದಳು. ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಳು. ಅವನಿಗೆ ಬೈಯುವುದೊಂದನ್ನು ನಿಲ್ಲಿಸಿದ್ದಳು.

ಜನವರಿಯಲ್ಲಿ ಆಸ್ಪತ್ರೆಯಿಂದ ಹೊಸ ಔಷಧಿ ಬರೆದುಕೊಟ್ಟರು. ಬಾಯಿಗೆ ಇಟ್ಟು ಒತ್ತಿ ಎಳೆಯುವ, ಎದೆಗೆ ಹೋಗುವ ಔಷಧಿ. ಅಕ್ಬೋಪೆ ತನ್ನ ಅಂಗಡಿಯಿಂದಲೇ ತಂದಳು. ಅತ್ತೆಯ ಮುಂದೆ ಡಬ್ಬಿ ತೆರೆದು, ಒಳಗಿನ ಕಾಗದ ಬಿಡಿಸಿ, ಬೆರಳಿಟ್ಟು ಓದಿ ಹೇಳಿದಳು.

"ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಅಪಾ. ಆದ ಮೇಲೆ ಬಾಯಿ ಮುಕ್ಕಳಿಸಬೇಕು."

"ಸರಿ ಮಗಳೇ."

"ಬೇಕಾದ್ರೆ ಬರೆದು ಅಂಟಿಸ್ಲಾ?"

"ಬೇಡ. ನೆನಪಿರುತ್ತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಬೋಪೆಗೆ ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಅತ್ತ ಇತ್ತ ನೋಡಿ ಗಂಡನ ತೋಳು ಹಿಡಿದುಕೊಂಡು ನಡೆದಳು. "ಅಪಾ ನನಗೆ 'ಮಗಳೇ' ಅಂದ್ರು," ಅಂದಳು.

ಅಂದು ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಹೊರಗೆ ಹಿಮ ಬೀಳುತ್ತಿತ್ತು. ಅಕ್ಬೋಪೆ ಒಬ್ಬ ಮುದುಕನಿಗೆ ಕೆಮ್ಮಿನ ಔಷಧಿ ಕೊಡುತ್ತಿದ್ದಾಗ ಗಾಜಿನಾಚೆ ಅತ್ತೆ ಕಂಡಳು. ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು, ಕೈಗವಸಿಲ್ಲದ ಕೈಯಲ್ಲಿ ಏನನ್ನೋ ಎದೆಗೊತ್ತಿ ಹಿಡಿದು ಬರುತ್ತಿದ್ದಳು. ತನಗೇ ಊಟ ತಂದಿರಬೇಕು ಅಂದುಕೊಂಡು ಅಕ್ಬೋಪೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

ಬಾತಿಮಾ ಬಾಗಿಲ ಮುಂದೆ ನಿಲ್ಲಲಿಲ್ಲ. ಒಳಗೆ ನೋಡಲಿಲ್ಲ. ಹಾಗೇ ಮುಂದೆ ಹೋಗಿ, ರಸ್ತೆ ದಾಟಿ, ವೃತ್ತದ ಮೂಲೆಯಲ್ಲಿದ್ದ ಇನ್ನೊಂದು ಔಷಧಿ ಅಂಗಡಿಯೊಳಗೆ ಹೋದಳು. ದೊಡ್ಡ ಗಾಜು, ಇಲ್ಲಿಂದಲೇ ಕಾಣುತ್ತಿತ್ತು. ಎದೆಗೊತ್ತಿ ಹಿಡಿದಿದ್ದ ಹೊಸ ಔಷಧಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಅಲ್ಲಿನ ಹುಡುಗಿ ಕಾಗದ ಬಿಡಿಸಿ ಓದಿದಳು. ಎರಡು ಬೆರಳು ತೋರಿಸಿದಳು, ಮತ್ತೆ ಎರಡು ಬೆರಳು ತೋರಿಸಿದಳು. ಬಾತಿಮಾ ಏನೋ ಕೇಳಿದಳು. ಹುಡುಗಿ ಇನ್ನೊಮ್ಮೆ ಓದಿದಳು.

"ಅಮ್ಮಾ, ಚಿಲ್ಲರೆ," ಅಂದ ಮುದುಕ.

ಅಕ್ಬೋಪೆ ಚಿಲ್ಲರೆ ಕೊಟ್ಟಳು. ಸಂಜೆ ಮನೆಗೆ ಹೋದಾಗ ಅತ್ತೆ ಎಂದಿನಂತೆ ಚಹಾ ಬಗ್ಗಿಸಿ ಅವಳ ಮುಂದಿಟ್ಟಳು, ಬೆಣ್ಣೆಯ ಬಟ್ಟಲನ್ನು ಹತ್ತಿರ ಸರಿಸಿದಳು. ಊಟವಾದ ಮೇಲೆ ಮಾವನಿಗೆ ಔಷಧಿ ಕೊಟ್ಟಳು. ಎರಡು ಸಲ, ಅಕ್ಬೋಪೆ ಹೇಳಿದ್ದ ಹಾಗೆಯೇ.